ಮುಂಬೈ ಹೈಗೆ ಸಾಮಗ್ರಿ ಒಯ್ಯುವ ಹಡಗನ್ನು ಗುರುತಿಸುವುದು ಹೇಗೆ?

ಪ್ರಶ್ನೆ (ಕುಂಬಳೆಯಿಂದ):
ನನ್ನ ತಮ್ಮ ಮುಂಬೈ ಹೈ ತೈಲಕ್ಷೇತ್ರಕ್ಕೆ ಸಾಮಗ್ರಿ ಒಯ್ಯುವ ಹಡಗೊಂದಕ್ಕೆ ಕೆಲಸಕ್ಕೆ ಸೇರಿದ್ದಾನೆ. ಮಳೆಗಾಲವಾದ್ದರಿಂದ ಅಮ್ಮನಿಗೆ ಆತಂಕ. ಹಡಗುಗಳ ಸ್ಥಾನ ತೋರಿಸುವ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನ ಹಲವು ಹಡಗುಗಳು ಬರುತ್ತವೆ. ಕೆಲವೊಮ್ಮೆ ಗಂಟೆಗಟ್ಟಲೆ ಸ್ಥಾನವೇ ಬದಲಾಗುವುದಿಲ್ಲ. ವಿವರಗಳಲ್ಲಿರುವ ‘ಡಿಪಿ-2’ ಎಂದರೇನು?

ಉತ್ತರ (ಮಂಜೇಶ್ವರದಿಂದ):
ಹೆಸರನ್ನು ನಂಬಬೇಡಿ, ತಮ್ಮನಿಂದ ಐಎಂಒ ಸಂಖ್ಯೆಯನ್ನು (ಹಡಗಿನ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಕೇಳಿ ಪಡೆಯಿರಿ. ಮಾಲೀಕರು, ಹೆಸರು, ಧ್ವಜ ಎಲ್ಲವೂ ಬದಲಾದರೂ ಆ 7 ಅಂಕಿಗಳು ಹಡಗಿನ ಆಯುಷ್ಯವಿಡೀ ಬದಲಾಗುವುದಿಲ್ಲ. ಬರೆದುಕೊಂಡದ್ದು ಸರಿಯೇ ಎಂದು ನೀವೇ ಪರೀಕ್ಷಿಸಬಹುದು: ಮೊದಲ 6 ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿದಾಗ ಬರುವ ಮೊತ್ತದ ಕೊನೆಯ ಅಂಕಿಯೇ ಏಳನೆಯ ಅಂಕಿಯಾಗಿರಬೇಕು. 9074729ಕ್ಕೆ ಮೊತ್ತ 139, ಕೊನೆಯ ಅಂಕಿ 9, ಸರಿಹೊಂದಿತು. ಹಡಗಿನ ರೇಡಿಯೊ ಗುರುತಾದ ಎಂಎಂಎಸ್‌ಐ ಸಂಖ್ಯೆ ಬೇರೆ. ಭಾರತದ ಧ್ವಜವಿದ್ದರೆ ಅದು 419ರಿಂದ ಆರಂಭವಾಗುತ್ತದೆ, ಧ್ವಜ ಬದಲಾದರೆ ಅದೂ ಬದಲಾಗುತ್ತದೆ.

ಉತ್ತರ (ಬೇಕಲದಿಂದ):
ಸ್ಥಾನ ಬದಲಾಗದಿದ್ದರೆ ಗಾಬರಿಪಡಬೇಕಿಲ್ಲ ಎಂದು ಅಮ್ಮನಿಗೆ ದಯವಿಟ್ಟು ತಿಳಿಸಿ. ಹಡಗು ತನ್ನ ಗುರುತು, ಸ್ಥಾನಗಳನ್ನು ತಾನೇ ಪ್ರಸಾರ ಮಾಡುವ ಎಐಎಸ್ ಸಂಕೇತಗಳು ವಿಎಚ್‌ಎಫ್ ರೇಡಿಯೊ ಅಲೆಗಳಲ್ಲಿ ಸಾಗುವುದರಿಂದ ದಡದ ಗ್ರಾಹಕಗಳಿಗೆ ಸಾಮಾನ್ಯವಾಗಿ ಸುಮಾರು 40 ನಾಟಿಕಲ್ ಮೈಲಿಯವರೆಗೆ (ಸುಮಾರು 74 ಕಿಲೋಮೀಟರ್) ಮಾತ್ರ ಸಿಗುತ್ತವೆ; ಮುಂಬೈ ಹೈ ಇರುವುದು ದಡದಿಂದ ಸುಮಾರು 160 ಕಿಲೋಮೀಟರ್ ಆಚೆ. ಅಲ್ಲಿನ ಸಂಕೇತವನ್ನು ಉಪಗ್ರಹವೇ ಹಿಡಿಯಬೇಕು, ಆ ಸೇವೆಗೆ ಹೆಚ್ಚಾಗಿ ಹಣ ಕೊಡಬೇಕಾಗುತ್ತದೆ.

ಉತ್ತರ (ಮಂಜೇಶ್ವರದಿಂದ):
ಡಿಪಿ ಎಂದರೆ ಲಂಗರು ಹಾಕದೆ, ಕಂಪ್ಯೂಟರ್ ನಿಯಂತ್ರಿಸುವ ಥ್ರಸ್ಟರ್‌ಗಳಿಂದಲೇ (ಹಡಗನ್ನು ತಳ್ಳುವ ಯಂತ್ರಗಳು) ತೈಲ ವೇದಿಕೆಯ ಪಕ್ಕ ನಿಲ್ಲುವ ವ್ಯವಸ್ಥೆ. ಡಿಪಿ-2 ಎಂಬ ಎರಡನೇ ದರ್ಜೆಯಲ್ಲಿ ಒಂದು ಜನರೇಟರ್ ಅಥವಾ ಥ್ರಸ್ಟರ್ ಕೈಕೊಟ್ಟರೂ ಹಡಗು ಸ್ಥಾನ ತಪ್ಪದಂತೆ ಬದಲಿ ಏರ್ಪಾಡು ಇರುತ್ತದೆ. ವಿವರಪಟ್ಟಿಯಲ್ಲಿ ನಾನು ಮೊದಲು ನೋಡುವುದು ಇದನ್ನೇ, ಡೆಕ್‌ನ ವಿಸ್ತೀರ್ಣ ಆಮೇಲೆ.