‘ಮೂಲಸೌಕರ್ಯ’ದಲ್ಲಿ ಸೌಕರ್ಯ ಯಾರಿಗೆ?

ಪ್ರಾದೇಶಿಕ ಬೆಳವಣಿಗೆಯ ಯೋಜನಾ ವರದಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡನೇ ಪುಟದಲ್ಲೇ ಸಿಕ್ಕಿಬಿದ್ದೆ. ಇನ್‌ಫ್ರಾಸ್ಟ್ರಕ್ಚರ್ ಅನ್ನುವುದಕ್ಕೆ ‘ಮೂಲಸೌಕರ್ಯ’ ಅಂತ ಕೈ ತಾನಾಗಿ ಬರೆದುಬಿಟ್ಟಿತು. ಮುಂದಿನ ಸಾಲಿನಲ್ಲಿ ಕುಡಿಯುವ ನೀರು, ಶೌಚಾಲಯದ ಮಾತು ಬಂತು. ಅದಕ್ಕೆ ‘ಮೂಲಭೂತ ಸೌಕರ್ಯ’ ಅಂದೆ. ಓದಿ ನೋಡಿದರೆ ಎರಡೂ ಒಂದೇ ಆಗಿ ಕೂತಿವೆ! ಪತ್ರಿಕೆಗಳಲ್ಲೂ ಇವನ್ನು ಅದಲುಬದಲು ಮಾಡುವುದೇ ಜಾಸ್ತಿ, ಅಲ್ವಾ?

ನನಗೆ ತೊಡಕಾಗಿರುವುದು ‘ಸೌಕರ್ಯ’. ಸಂಸ್ಕೃತದ ‘ಸುಕರ’ ಅಂದರೆ ಸುಲಭವಾಗಿ ಮಾಡಬಹುದಾದದ್ದು. ಅದರಿಂದ ಬಂದ ಸೌಕರ್ಯ ಅಂದರೆ ಕೆಲಸ ಸಲೀಸಾಗುವುದು. ಹಾಗೆ ನೋಡಿದರೆ ಪದ ಸರಿಯಾಗೇ ಇದೆ. ಆದರೆ ಈಗ ಸೌಕರ್ಯ ಅಂದ ಕೂಡಲೇ ಹೊಳೆಯುವುದು ಅನುಕೂಲ, ಸುಖ, ಯಾರೋ ಒದಗಿಸಿಕೊಡುವಂಥದ್ದು. ವಿದ್ಯುತ್ ಜಾಲ, ಸರಕು ಸಾಗಿಸುವ ರೈಲುಮಾರ್ಗ, ಬಂದರಿನ ಹೂಳೆತ್ತುವುದು, ಇವೆಲ್ಲ ಯಾರ ಸುಖಕ್ಕೆ?

ಮೂಲ ಪದದಲ್ಲಿ ಸುಖದ ಸುಳಿವೇ ಇಲ್ಲ. ‘ಇನ್‌ಫ್ರಾ’ ಅಂದರೆ ಕೆಳಗೆ. ಫ್ರೆಂಚಿನಲ್ಲಿ ಅದು ರೈಲ್ವೆಯವರ ಮಾತು: ಹಳಿಗಳಿಗೆ ಆಸರೆಯಾಗುವ ಮಣ್ಣಿನ ಏರಿ, ಸೇತುವೆ, ಸುರಂಗ ಇತ್ಯಾದಿ. ನಮ್ಮ ‘ಬುನಾದಿ’ಗೆ ತೀರಾ ಹತ್ತಿರ. ಆದರೆ ಇನ್‌ಫ್ರಾಸ್ಟ್ರಕ್ಚರ್ ಇನ್ವೆಸ್ಟ್‌ಮೆಂಟ್ ಅನ್ನುವುದಕ್ಕೆ ‘ಬುನಾದಿ ಹೂಡಿಕೆ’ ಅಂದರೆ ಮನೆ ಕಟ್ಟಲು ಪಾಯ ತೋಡಿದಂತೆ ಕೇಳುತ್ತದೆ. ಸದ್ಯಕ್ಕೆ ಮೂಲಸೌಕರ್ಯವನ್ನು ಹಾಗೇ ಬಿಟ್ಟು, ನೀರು-ಶೌಚಾಲಯಕ್ಕೆ ‘ಅಗತ್ಯ ಸೌಲಭ್ಯ’ ಅನ್ನೋಣ ಅಂದುಕೊಂಡೆ.

ಅಲ್ಲೂ ಒಂದು ಕೊಕ್ಕೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1958ರಲ್ಲಿ ರಸ್ತೆ, ವಿದ್ಯುತ್ತಿನ ಜೊತೆಗೆ ನೀರು, ಶಿಕ್ಷಣ, ಆರೋಗ್ಯವನ್ನೂ ಒಂದೇ ಬುಟ್ಟಿಗೆ ಹಾಕಿದ್ದರು. ಇವು ಮೊದಲೋ, ಕಾರ್ಖಾನೆ ಮೊದಲೋ ಅನ್ನುವುದು ಅವರ ಚರ್ಚೆ. ವರದಿಯೂ ಅದನ್ನೇ ಕೇಳುತ್ತದೆ. ಹಾಗಾದರೆ ನಾನು ಪದ ಬೇರೆ ಮಾಡಿದರೆ ಬುಟ್ಟಿಯನ್ನೇ ಒಡೆದಂತಲ್ಲವೇ?

‘ಹೂಡಿಕೆ’ಯ ಬಗ್ಗೆ ಮಾತ್ರ ನನಗೆ ತಕರಾರಿಲ್ಲ. ಗಾಡಿ ಹೂಡು, ಬಾಣ ಹೂಡು, ಒಲೆ ಹೂಡು, ಎಲ್ಲದರಲ್ಲೂ ಮುಂದೆ ಏನೋ ಆಗಲಿ ಅಂತ ಅಣಿ ಮಾಡುವ ಕೆಲಸವಿದೆ. (ದಾವೆ, ಸಂಚು ಕೂಡ ಹೂಡುತ್ತೇವೆ, ಅದು ಬಿಡಿ.) ‘ವ್ಯಯ’ದಿಂದ ಬಂದ ‘ವೆಚ್ಚ’ ಹಾಗಲ್ಲ. ದುಡ್ಡು ಕೈಬಿಟ್ಟು ಹೋದರೆ ಮುಗಿಯಿತು. ಈ ವರದಿಯಲ್ಲಿ ಒಂದೇ ಸೇತುವೆಗೆ ಹಾಕುವ ಹಣ ವಿವರಣೆಯಲ್ಲಿ ‘ಹೂಡಿಕೆ’, ಕೋಷ್ಟಕದಲ್ಲಿ ‘ಬಂಡವಾಳ ವೆಚ್ಚ’. ಎರಡನ್ನೂ ಹಾಗೇ ಬಿಡಲೇ, ಒಂದೇ ಮಾಡಲೇ? ಲೆಕ್ಕಪತ್ರ ಬಲ್ಲವರು ಯಾರಾದರೂ ಹೇಳಿ.