ಯಜಮಾನರ ಹುಳಿತೇಗಿನ ಕ್ಲೇಮ್ ವಿಎ (ಅಮೆರಿಕದ ಮಾಜಿ ಸೈನಿಕರ ಇಲಾಖೆ) ತಿರಸ್ಕರಿಸಿದೆ, ಅಪೀಲಿಗೆ ಯಾವ ದಾರಿ ಹಿಡಿಯಲಿ?

ದಾವಣಗೆರೆಯಿಂದ ಟೆಕ್ಸಾಸ್‌ಗೆ:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಅಮೆರಿಕದ ಸೈನ್ಯದಲ್ಲಿದ್ದವರು. ಹಿಂದಿ ಚೆನ್ನಾಗಿ ಬರುತ್ತೆ ಅಂತ 2009ರಲ್ಲಿ ಮಾವ್ನಿ ಯೋಜನೆಯಲ್ಲಿ (ಬೇಕಾದ ಭಾಷೆ ಬರುವ ವಿದೇಶಿಯರನ್ನು ಸೈನ್ಯಕ್ಕೆ ಸೇರಿಸುವ ಯೋಜನೆ) ತಗೊಂಡರು, 2018ರಲ್ಲಿ ಹೊರಗೆ ಬಂದರು. ಎರಡೂ ಮಂಡಿ ಹೋಗಿವೆ. ಅದು ಸೇವೆಯಿಂದಲೇ ಆಗಿದ್ದು ಅಂತ ವಿಎ ಒಪ್ಪಿಕೊಂಡು ಪರಿಹಾರ ಕೊಡುತ್ತಿದೆ. ಆ ಮಂಡಿ ನೋವಿಗೆ 800 ಮಿಲಿಗ್ರಾಂ ಐಬುಪ್ರೊಫೇನ್ ದಿನಕ್ಕೆ ಎರಡೋ ಮೂರೋ, ಹೀಗೆ ವರ್ಷಗಟ್ಟಲೆ ನುಂಗಿದ್ದಾರೆ.

ಈಗ ಹೊಟ್ಟೆಯ ಕಥೆ ಕೇಳಿ. ರಾತ್ರಿ ಎರಡು ಗಂಟೆ ಹೊತ್ತಿಗೆ ಗಂಟಲಿಗೆ ಹುಳಿ ನೀರು ನುಗ್ಗಿ, ಕೆಮ್ಮುತ್ತಾ ಎದ್ದು ಕೂರುತ್ತಾರೆ. ಮಂಚದ ತಲೆ ಕಡೆಯ ಎರಡು ಕಾಲಿಗೂ ಮರದ ತುಂಡು ಕೊಟ್ಟು ಎತ್ತರ ಮಾಡಿದ್ದೇವೆ, ಬೆಳಗ್ಗೆ ನೋಡಿದರೆ ಮನುಷ್ಯ ಜಾರಿ ಜಾರಿ ಕಾಲ ಕಡೆಗೆ ಬಂದಿರುತ್ತಾರೆ. ಸಾರಿಗೆ ಹುಣಸೆಹಣ್ಣು ಹಾಕೋದು ಬಿಟ್ಟು ಮೂರು ವರ್ಷ ಆಯಿತು. ಆಮ್ಲ ಕಡಿಮೆ ಮಾಡೋ ಒಮೆಪ್ರಜೋಲ್ ಮಾತ್ರೆ ಇಲ್ಲದೆ ಒಂದು ದಿನ ಕಳೆಯಲ್ಲ.

2023ರ ನವೆಂಬರ್‌ನಲ್ಲಿ ಕ್ಲೇಮ್ ಹಾಕಿದೆವು, ಮಂಡಿಗೆ ತಗೊಂಡ ಮಾತ್ರೆಯಿಂದ ಬಂದಿದ್ದು ಅಂತಲೇ ಬರೆದಿದ್ದೆವು. ಪರೀಕ್ಷೆಗೆ ಹೊರಗಿನ ಒಂದು ಕ್ಲಿನಿಕ್‌ಗೆ ಕರೆದರು. ಡಾಕ್ಟರ್ ಹೇಗಿದೀರ ಅಂತ ಕೇಳಿದ್ದಕ್ಕೆ ಇವರು "ಪರವಾಗಿಲ್ಲ, ಮಾತ್ರೆ ತಗೋತೀನಿ" ಅಂದಿದ್ದಾರೆ. ಅಷ್ಟೇ ಬರೆದುಕೊಂಡಿದ್ದಾರೆ! ವರದಿಯಲ್ಲಿ "ಐಬುಪ್ರೊಫೇನ್‌ನಿಂದ ಬಂದಿದ್ದಲ್ಲ" ಅಂತ ಒಂದೇ ಸಾಲು, ಯಾಕೆ ಅಂತ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ತಿರಸ್ಕಾರದ ಪತ್ರ ಬಂತು. ಈಗ ಒಂಬತ್ತು ತಿಂಗಳಾಗಿದೆ. ಇವರು "ಬಿಡು, ಮಂಡಿಗೆ ಕೊಟ್ಟಿದ್ದಾರಲ್ಲ, ಸಾಕು" ಅಂತಾರೆ. ನನಗೆ ಬಿಡೋಕೆ ಮನಸ್ಸಿಲ್ಲ. ಅಪೀಲ್ ಹೇಗೆ, ಯಾವುದು ಮಾಡಿದರೆ ಒಳ್ಳೆಯದು?

ಹಳೇ ಸಾರ್ಜೆಂಟ್:
ತಂಗಿ, ಬಿಡಬೇಡ. ಮುಖ್ಯವಾಗಿ ಅಪೀಲಿಗೆ ಇರೋ ಒಂದು ವರ್ಷದ ಗಡುವು ದಾಟಿಸಬೇಡ. ಪತ್ರ ನಿಮ್ಮ ಕೈಗೆ ಬಂದ ದಿನದಿಂದಲ್ಲ, ಪತ್ರದ ಮೇಲಿರುವ ತಾರೀಖಿನಿಂದ ಲೆಕ್ಕ.

ನಿಮ್ಮ ಕೇಸಿನಲ್ಲಿ ಈ ಗಡುವು ಮಾಮೂಲಿಗಿಂತ ಜಾಸ್ತಿ ಮುಖ್ಯ, ಯಾಕೆ ಅಂತ ಹೇಳ್ತೀನಿ. 2024ರ ಮೇ 19ಕ್ಕೆ ಮುಂಚೆ ವಿಎಯ ಪರಿಹಾರದ ಅಳತೆಪಟ್ಟಿಯಲ್ಲಿ ಹುಳಿತೇಗಿಗೆ ಅದರದ್ದೇ ಕೋಡ್ ಇರಲಿಲ್ಲ. ಹಯೇಟಲ್ ಹರ್ನಿಯಾದ (ಹೊಟ್ಟೆಯ ಮೇಲ್ಭಾಗ ಎದೆಯೊಳಗೆ ಜಾರೋ ತೊಂದರೆ) 7346ನೇ ಕೋಡ್ ಇಟ್ಟುಕೊಂಡು ಅಳೆಯುತ್ತಿದ್ದರು. ಅದರಲ್ಲಿ ಎದೆಯುರಿ, ಹುಳಿ ನೀರು ಮೇಲೆ ಬರೋದು, ನುಂಗೋಕೆ ಕಷ್ಟ, ಎದೆ ಅಥವಾ ಭುಜದ ನೋವು, ಇವೆಲ್ಲ ಲೆಕ್ಕಕ್ಕೆ ಬರುತ್ತಿದ್ದವು. 10, 30, 60 ಪರ್ಸೆಂಟ್ ಅಂತ ಮೂರು ಮೆಟ್ಟಿಲು. ಆ ದಿನದಿಂದ 7206 ಅನ್ನೋ ಹೊಸ ಕೋಡ್ ಬಂತು. ಅದು ನೋಡೋದು ಅನ್ನನಾಳ ಕಿರಿದಾಗಿದೆಯಾ ಅಂತ. ಕಿರಿದಾಗಿರೋದು ದಾಖಲೆಯಲ್ಲಿ ಇಲ್ಲದಿದ್ದರೆ 10 ಪರ್ಸೆಂಟ್ ಕೂಡ ಸಿಗೋದು ಕಷ್ಟ, ರಾತ್ರಿಯಿಡೀ ಕೆಮ್ಮಿದರೂ ಸೊನ್ನೆ. ಬದಲಾವಣೆ ಆದಾಗ ಬಾಕಿ ಇದ್ದ ಕ್ಲೇಮ್‌ಗಳಿಗೆ ಎರಡೂ ಅಳತೆ ನೋಡಿ, ಯಾವುದು ಅನುಕೂಲವೋ ಅದನ್ನು ಕೊಡಬೇಕು. ನಿಮ್ಮದು 2023ರದ್ದು. ವರ್ಷದೊಳಗೆ ಮುಂದುವರಿಸಿದರೆ ಆ ನವೆಂಬರ್ ತಾರೀಖು ಉಳಿಯುತ್ತೆ, ಹಳೇ ಅಳತೆಯೂ ಉಳಿಯುತ್ತೆ. ಗಡುವು ಕಳೆದ ಮೇಲೆ ಹಾಕಿದರೆ ಕ್ಲೇಮ್ ತಗೋತಾರೆ, ಆದರೆ ತಾರೀಖು ಹೊಸದು, ಅಳತೆಯೂ ಹೊಸದು.

ದಾರಿ ಮೂರು ಇವೆ, 2019ರ ಫೆಬ್ರವರಿಯಿಂದ ಹೀಗೇ. ಹೊಸ ಪುರಾವೆ ಇದ್ದರೆ ಸಪ್ಲಿಮೆಂಟಲ್ ಕ್ಲೇಮ್, ಫಾರಂ 20-0995. ಹೊಸದೇನೂ ಇಲ್ಲ, ಇರೋ ಕಡತದಲ್ಲೇ ತಪ್ಪಾಗಿದೆ ಅಂದರೆ ಹೈಯರ್ ಲೆವೆಲ್ ರಿವ್ಯೂ, 20-0996. ಮೂರನೆಯದು ವಿಎಯ ಅಪೀಲ್ ಬೋರ್ಡ್, ಅಲ್ಲಿ ನ್ಯಾಯಾಧೀಶರು ನೋಡುತ್ತಾರೆ, ಆದರೆ ತುಂಬಾ ಕಾಯಬೇಕು. ನಾನಾಗಿದ್ದರೆ ಹೈಯರ್ ಲೆವೆಲ್ ಹಾಕುತ್ತಿದ್ದೆ. ಕಾರಣ ಕೊಡದ ವೈದ್ಯಕೀಯ ಅಭಿಪ್ರಾಯಕ್ಕೆ ಬೆಲೆ ಇಲ್ಲ. ಇನ್ನೊಂದು, ಮಾತ್ರೆಯಿಂದ ಬಂತಾ ಅಂತ ಮಾತ್ರ ನೋಡಿದರೆ ಸಾಲದು, ಅದರಿಂದ ಜಾಸ್ತಿ ಆಯಿತಾ ಅಂತಲೂ ಹೇಳಬೇಕು. ನಿಮ್ಮ ವರದಿಯಲ್ಲಿ ಆ ಎರಡನೇ ಪ್ರಶ್ನೆಗೆ ಉತ್ತರವೇ ಇಲ್ಲ ಅಲ್ವಾ? ಫೋನಿನಲ್ಲಿ ಮಾತಾಡೋಕೆ ಅವಕಾಶ ಕೇಳಿ, ಇದೊಂದನ್ನೇ ಹಿಡಿದು ಹೇಳಿ.

ಮಲೆನಾಡ ನರ್ಸ್:
ಅಣ್ಣ ಹೇಳಿದ್ದು ಸರಿ, ಆದರೆ ನಾನು ಸಪ್ಲಿಮೆಂಟಲ್ ಕಡೆ. ಹೈಯರ್ ಲೆವೆಲ್‌ನಲ್ಲಿ ಒಂದು ಹಾಳೆಯೂ ಹೊಸದಾಗಿ ಸೇರಿಸೋಕೆ ಬಿಡಲ್ಲ. ಗೆದ್ದರೂ ಹೆಚ್ಚಾಗಿ ಇನ್ನೊಂದು ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲೂ ಇವರು "ಪರವಾಗಿಲ್ಲ" ಅಂದರೆ ಏನು ಮಾಡ್ತೀರಿ ಅಕ್ಕ?

ಮೊದಲು ಡಾಕ್ಟರ್ ಪತ್ರ ತಗೊಳ್ಳಿ. ಅದರಲ್ಲಿ "ಆಗಿರೋ ಸಾಧ್ಯತೆ ಕನಿಷ್ಠ 50 ಪರ್ಸೆಂಟ್" ಅನ್ನೋ ಅರ್ಥದ ಮಾತು ಇರಲೇಬೇಕು, ಪೂರ್ತಿ ಖಚಿತ ಅಂತ ಹೇಳಬೇಕಾಗಿಲ್ಲ. ಸುಮ್ನೆ ಆ ವಾಕ್ಯ ಬರೆದು ಸಹಿ ಹಾಕಿದರೆ ಪ್ರಯೋಜನವಿಲ್ಲ, ಕಾರಣ ಬೇಕು. ಐಬುಪ್ರೊಫೇನ್ ಹೊಟ್ಟೆಯ ಒಳಪದರ ಕಾಯೋ ಪ್ರೊಸ್ಟಾಗ್ಲಾಂಡಿನ್ ಕಡಿಮೆ ಮಾಡುತ್ತೆ. ಯಾವ ವರ್ಷದಿಂದ ಎಷ್ಟು ತಗೊಂಡರು, ಎದೆಯುರಿ ಯಾವಾಗ ಶುರುವಾಯಿತು, ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಬೇಕು. ಅದಕ್ಕೆ ಔಷಧಿ ಪಟ್ಟಿ ಬೇಕು, ಸೇವೆಯ ಕಾಲದ್ದು, ವಿಎ ಫಾರ್ಮಸಿಯದ್ದು ಎರಡೂ ತರಿಸಿ. ಮಂಡಿಯಿಂದಾಗಿ ನಡೆಯೋಕಾಗದೆ ತೂಕ ಏರಿ, ಆ ತೂಕದಿಂದ ಹುಳಿತೇಗು ಬಂದಿದ್ದರೆ ಅದೂ ಒಂದು ದಾರಿ, ವಿಎಯ ಕಾನೂನು ವಿಭಾಗವೇ 2017ರಲ್ಲಿ ಒಪ್ಪಿದೆ. ಇವರ ತೂಕ ಏರಿದೆಯಾ?

ಇನ್ನೊಂದು ಪತ್ರ ನೀವೇ ಬರೆಯಿರಿ. ಎದೆಯುರಿ, ಹುಳಿ ನೀರು ಇವನ್ನೆಲ್ಲ ಕಣ್ಣಾರೆ ನೋಡಿದವರು ಹೇಳಬಹುದು, ಡಾಕ್ಟರೇ ಆಗಬೇಕಿಲ್ಲ. ಇಲ್ಲಿ ಬರೆದಿರೋ ಮಂಚದ ಮರದ ತುಂಡು, ಎರಡು ಗಂಟೆಯ ಕೆಮ್ಮು, ಅದನ್ನೇ ಬರೆಯಿರಿ, ವಾರಕ್ಕೆ ಎಷ್ಟು ಸಲ ಅನ್ನೋದನ್ನೂ ಸೇರಿಸಿ. ನಮ್ಮವರಿಗೆ ನೋವು ಹೇಳಿಕೊಳ್ಳೋಕೆ ನಾಚಿಕೆ, ನಾನು ದಿನಾ ನೋಡ್ತೀನಿ. ಪರೀಕ್ಷೆ ದಿನ ಅವರು ಉತ್ಪ್ರೇಕ್ಷೆ ಮಾಡಬೇಕಾಗಿಲ್ಲ, ಕೆಟ್ಟ ರಾತ್ರಿ ಹೇಗಿರುತ್ತೆ ಅಂತ ಇದ್ದಿದ್ದು ಇದ್ದ ಹಾಗೆ ಹೇಳಿದರೆ ಸಾಕು.

ಹಳೇ ಸಾರ್ಜೆಂಟ್:
ಡಾಕ್ಟರ್ ಪತ್ರ ಸಿಗೋದಾದರೆ ನರ್ಸ್ ತಂಗಿ ಹೇಳಿದ್ದೇ ಸರಿ. ಒಂದರಲ್ಲಿ ಸೋತರೂ ಆ ನಿರ್ಧಾರದಿಂದ ಮತ್ತೆ ಒಂದು ವರ್ಷ ಇರುತ್ತೆ, ಇನ್ನೊಂದು ದಾರಿ ಹಿಡಿಯಬಹುದು. ದುಡ್ಡು ಕೇಳೋ ಕಂಪನಿಗಳ ಹತ್ತಿರ ಮಾತ್ರ ಹೋಗಬೇಡಿ, ವಿಎ ಮಾನ್ಯತೆ ಇಲ್ಲದವರು ಕ್ಲೇಮ್ ಮಾಡಿಕೊಡ್ತೀವಿ ಅಂತ ಸಾವಿರಾರು ಡಾಲರ್ ಕೀಳುತ್ತಾರೆ. ಮಾಜಿ ಸೈನಿಕರ ಸಂಘಗಳಾದ ಡಿಎವಿ, ವಿಎಫ್‌ಡಬ್ಲ್ಯು, ಅಮೆರಿಕನ್ ಲೀಜನ್‌ನವರು ಉಚಿತವಾಗಿ ಮಾಡಿಕೊಡ್ತಾರೆ. ನಿಮ್ಮ ಕೌಂಟಿ (ಜಿಲ್ಲಾ) ಕಚೇರಿಯಲ್ಲೂ ಇದಕ್ಕೇ ಒಬ್ಬರು ಇರುತ್ತಾರೆ.

ಮತ್ತೆ, ಸೊನ್ನೆ ಪರ್ಸೆಂಟ್ ಬಂದರೂ ಬೇಜಾರಾಗಬೇಡಿ. ಸೇವೆಯ ಸಂಬಂಧ ಒಪ್ಪಿಕೊಂಡರು ಅಂದರೆ ಅದರ ಚಿಕಿತ್ಸೆಗೆ ಕೈಯಿಂದ ಕಟ್ಟಬೇಕಾಗಿಲ್ಲ. ಮುಂದೆ ಅನ್ನನಾಳ ಕಿರಿದಾದರೆ ಆಗ ಏರಿಸಿ ಅಂತ ಕೇಳಬಹುದು.

ದಾವಣಗೆರೆಯಿಂದ ಟೆಕ್ಸಾಸ್‌ಗೆ:
ಅಣ್ಣ, ತಂಗಿ, ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಇದನ್ನೆಲ್ಲ ಯಜಮಾನರಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಒಳಗೆ ಹೋಗಿ ಒಂದು ಶೂ ಡಬ್ಬಿ ತಂದರು. ಅದರಲ್ಲಿ 2014ರ ಮಾತ್ರೆ ಡಬ್ಬಿಯ ಲೇಬಲ್ ಇದೆ, ಐಬುಪ್ರೊಫೇನ್ 800, ಮೇಲೆ ಅವರ ಹೆಸರು. ತೂಕ ಹೌದು, 2015ರಿಂದ ಈಚೆಗೆ ಹದಿನೆಂಟು ಕೆಜಿ ಏರಿದೆ. ನಾಡಿದ್ದು ಕೌಂಟಿ ಕಚೇರಿಗೆ ಹೋಗ್ತಿದ್ದೇವೆ.

ಒಂದೇ ಪ್ರಶ್ನೆ ಉಳೀತು. 2022ರಲ್ಲಿ ಊರಿಗೆ ಹೋದಾಗ ಬೆಂಗಳೂರಿನಲ್ಲಿ ಎಂಡೋಸ್ಕೋಪಿ ಮಾಡಿಸಿದ್ದೆವು, ಅನ್ನನಾಳದಲ್ಲಿ ಉರಿಯೂತ ಇದೆ ಅಂತ ಬರೆದಿದ್ದಾರೆ. ಅದನ್ನು ಹಾಕಬಹುದಾ?

ಮಲೆನಾಡ ನರ್ಸ್:
ಹಾಕಿ ಅಕ್ಕ! ಬೇರೆ ದೇಶದ್ದು ಅಂತ ಪಕ್ಕಕ್ಕಿಡೋ ಹಾಗಿಲ್ಲ, ಮೊದಲ ಸಲ ಕೊಟ್ಟಿಲ್ಲ ಅಂದರೆ ಅದೇ ನಿಮ್ಮ ಹೊಸ ಪುರಾವೆ. ವರದಿ ಇಂಗ್ಲಿಷಿನಲ್ಲೇ ಇರುತ್ತೆ, ಅನುವಾದ ಬೇಕಿಲ್ಲ. ಚಿತ್ರಗಳಿರೋ ಹಾಳೆ ಸಮೇತ ಎಲ್ಲಾ ಪುಟ ಸ್ಕ್ಯಾನ್ ಮಾಡಿ, ಪತ್ರ ಬರೆಯೋ ಡಾಕ್ಟರಿಗೂ ಒಂದು ಪ್ರತಿ ಕೊಡಿ.