ಗೋವಾದಾಗ ಮದುವಿ, ಕಲಬುರಗಿ ಮನ್ಯಾಗ ಊಟ: ಏನೇನು ನೋಡ್ಕೋಬೇಕ್ರಿ?

ಕೇಳಿದವರು, ಬ್ರಹ್ಮಪುರ
ಮಗನ ಮದುವಿ ಗೋವಾದಾಗ, 50 ಮಂದ್ಯಾಗ ಮುಗೀತದ. ಅದಾದ ವಾರಕ್ಕ, ಮೇ ತಿಂಗಳದಾಗ, ಮಾಳಿಗಿ ಮ್ಯಾಲ ಸಂಜಿ 150 ಮಂದಿಗಿ ಊಟ. ಬಫೆ ಇಡೂದಾ, ಪಂಗ್ತಿ ಹಾಕೂದಾ? ಅಡಿಗಿ ಲೆಕ್ಕ ಹ್ಯಾಂಗ?

ಅಡಿಗಿ ಕಂತ್ರಾಟಿನವರು
ಬಫೆ ಬ್ಯಾಡ್ರಿ. ಒಂದು ಕೈಯಾಗ ತಾಟು ಹಿಡಕೊಂಡು ಇನ್ನೊಂದು ಕೈಲೆ ರೊಟ್ಟಿ ಮುರೀಲಿಕ್ಕಿ ಬರಂಗಿಲ್ಲ, ಪುಂಡಿಪಲ್ಯ ಅಂಗಿ ಮ್ಯಾಲ ಬೀಳ್ತದ. 50 ಮಂದಿದು ಮೂರು ಪಂಗ್ತಿ ಹಾಕ್ರಿ, ಒಂದಕ್ಕ 40 ನಿಮಿಷ ಹಿಡೀರಿ. ಅಡಿಗಿ ಮಾತ್ರ 165 ಮಂದಿದು.

ತಲಿಗೆ ಎರಡು ರೊಟ್ಟಿ: ಒಂದು ಬಿಸಿ, ಒಂದು ಖಡಕ್. ಬಿಸಿ ರೊಟ್ಟಿ ಕಿಲೋಕ್ಕ 12ರ ಹಂಗ 14 ಕಿಲೋ ಹಿಟ್ಟು ಬೇಕು. ಜೋಳ ಯಾವಾಗ ಬೀಸಿದ್ದು ಅಂತ ಮೊದಲು ಕೇಳ್ರಿ, ಹಳೀ ಹಿಟ್ಟಿಗಿ ಜಿಗಿ ಇರಂಗಿಲ್ಲ, ಬಡಿಯುವಾಗೇ ಅಂಚು ಸೀಳ್ತದ. ಬಿಸಿ ರೊಟ್ಟಿ ಸ್ಟೀಲ್ ಡಬ್ಬ್ಯಾಗ ಮುಚ್ಚಿಟ್ರ ಬೆವತು ಒಂದಕ್ಕೊಂದು ಅಂಟ್ತಾವ. ಬುಟ್ಟ್ಯಾಗ ಅರಬಿ ಹಾಸಿ ಇಡ್ರಿ.

ಎಣ್ಣೆಗಾಯಿಗಿ ಸಣ್ಣ ಬದನಿಕಾಯಿ 17 ಕಿಲೋ, ಕಿಲೋಕ್ಕ 20 ತೂಗೂವು. ಮಸಾಲಿಗಿ ಶೇಂಗಾ, ಎಳ್ಳು, ಒಣಕೊಬ್ಬರಿ ಸಾಕು. ಈ ಬಿಸಲಾಗ ಹಸಿ ಕೊಬ್ಬರಿ ಹಾಕಿದ್ರ ಸಂಜಿತನ ಹಳಸ್ತದ. ಅಕ್ಕಿ 13 ಕಿಲೋ, ತೊಗರಿಬ್ಯಾಳಿ 6.

ಹುಗ್ಗಿಗಿ ಕುಟ್ಟಿದ ಗೋಧಿ 6 ಕಿಲೋ, ರಾತ್ರಿನೇ ನೆನೆ ಹಾಕ್ರಿ. ಬೆಲ್ಲನೂ 6 ಕಿಲೋನೇ. ಗೋಧಿ ಬೆರಳಾಗ ಹಿಚುಕಿದ್ರ ಮೆತ್ತಗಾಗಬೇಕು, ಆಮ್ಯಾಲೇ ಬೆಲ್ಲ. ಬೆಲ್ಲ ಬಿದ್ದ ಮ್ಯಾಲ ಎಷ್ಟು ಕುದಿಸಿದ್ರೂ ಕಾಳು ಬೇಯಂಗಿಲ್ಲ. ಹುಗ್ಗಿ ಒಲಿಯಿಂದ ಇಳಿಸಿ, ಹಬೆ ಕಡಿಮಿ ಆದ ಮ್ಯಾಲ ಹಾಲು ಹಾಕ್ರಿ, ಇಲ್ಲಾಂದ್ರ ಒಡೀತದ. ಮೂರನೇ ಪಂಗ್ತಿ ಹೊತ್ತಿಗಿ ಹುಗ್ಗಿ ಗಟ್ಟಿ ಆಗ್ತದ, ಬಿಸಿ ನೀರು ಒಂದು ಕೊಡ ಕೈಗೆ ಸಿಗೂಹಂಗ ಇರ್ಲಿ.

ಶಾಮಿಯಾನದವರು
ಮೇ ಕಡೀ ವಾರದಾಗ ಸಂಜಿ ಗಾಳಿ ಏಳ್ತದ. ಹಗ್ಗ ನೀರಿನ ಟಾಕಿ ಪೈಪಿಗಿ ಕಟ್ಟಗೊಡಬ್ಯಾಡ್ರಿ, ಮೊದಲು ಮುರಿಯೂದು ಅದೇ. ಉಸುಕಿನ ಚೀಲ ಇಡಸ್ರಿ. ನಾಲ್ಕೂ ಕಡಿ ಪರದಿ ಇಳಿಬಿಟ್ರ ಗಾಳಿ ತುಂಬಿ ಶಾಮಿಯಾನ ಎತ್ತತದ, ಕೂಲರ್ ಹಾಕಿದ್ರೂ ಒಳಗ ಜಿಗಜಿಗ. ಕೂಲರಿನ ಎದರ ಕಡಿ ಪರದಿ ಸುತ್ತಿ ಮ್ಯಾಲ ಕಟ್ರಿ. ನಾಲ್ಕು ಕೂಲರ್, ಎಲ್‌ಇಡಿ ದೀಪ, ಮೈಕ್ ಇಷ್ಟಕ್ಕ 5 ಕೆವಿಎ ಜನರೇಟರ್ ಸಾಕು. ಮಾಳಿಗಿ ಕಾಂಕ್ರೀಟ್ ರಾತ್ರಿತನ ಕಾವು ಬಿಡ್ತದ, 5ಕ್ಕ ಒಮ್ಮಿ, 6ಕ್ಕ ಒಮ್ಮಿ ನೀರು ಹೊಡೀರಿ.

ಹಾಂ, ಖಡಕ್ ರೊಟ್ಟಿ ಬುಟ್ಟಿ ಕೂಲರ್ ಮುಂದ ಇಡಬ್ಯಾಡ್ರಿ. ಅರ್ಧ ತಾಸಿನಾಗ ಚರ್ಮದಂಗ ಆಗ್ತಾವ.

ಒಬ್ಬ ಅಕ್ಕಾರು, ಶಹಾಬಜಾರ
ಅಡಿಗಿಗಿಂತ ಕರಿಯೂದೇ ನಾಜೂಕು ನೋಡ್ರಿ. "ಮದುವಿಗಿ ಬ್ಯಾಡಾದವ್ರು ಊಟಕ್ಕ ಬೇಕಾದ್ರೇನು" ಅಂತ ಒಬ್ಬರಾದ್ರೂ ಅಂತಾರ. ಹಿರೇರ ಮನಿಗಿ ಫೋನ್, ವಾಟ್ಸಾಪ್ ಬ್ಯಾಡ. ಗಂಡ ಹೆಂಡತಿ ಹೋಗಿ ಕುಂಕುಮ ಹಚ್ಚಿ ಕರೀರಿ, ಅದೂ ಗೋವಾಕ್ಕ ಹೋಗೂಕಿಂತ ಮೊದಲು. ಮದುವಿ ಆಗಿ ಬಂದು ಕರದ್ರ ಉಳಿದದ್ದು ಬಡಿಸಿದಂಗ. ಕಾರ್ಡಿನಾಗ ಅಕ್ಕಿಕಾಳು ಗೋವಾದಾಗ, ಆಶೀರ್ವಾದ ಇಲ್ಲಿ ಅಂತ ನೆಟ್ಟಗೆ ಬರೀರಿ. ಮೊದಲ ಪಂಗ್ತಿಗಿ ಮುಂಚೆ ಮದುಮಕ್ಕಳಿಗಿ ಕುರ್ಚಿ ಹಾಕಿ ಹಿರೇರ ಕೈಲೆ ಅಕ್ಕಿಕಾಳು ಹಾಕಸ್ರಿ. ಹತ್ತು ನಿಮಿಷದ ಕೆಲಸ, ಅರ್ಧ ಸಿಟ್ಟು ಅಲ್ಲೇ ಇಳೀತದ. ಆಯೇರಿ ತಗೊಳ್ಳೂದಿಲ್ಲಂದ್ರ ಅದನ್ನೂ ಕಾರ್ಡಿನಾಗೇ ಹಾಕ್ರಿ.

ಕೇಳಿದವರು
ನೀರಿಂದು ಹ್ಯಾಂಗ್ರಿ? ಟಾಕಿ 1000 ಲೀಟರಿಂದು ಅದ.

ಅಡಿಗಿ ಕಂತ್ರಾಟಿನವರು
ಕುಡೀಲಿಕ್ಕ ತಲಿಗೆ 2 ಲೀಟರ್, ಅಂದ್ರ 20 ಲೀಟರ್ ಕ್ಯಾನ್ 15. ಮೂರು ಹೆಚ್ಚಿಗಿ ಇರ್ಲಿ. ಅಡಿಗಿಗಿ, ಭಾಂಡಿಗಿ ಬ್ಯಾರೆ ಟ್ಯಾಂಕರ್ ಹೇಳ್ರಿ, ಮುಂಜಾನೆನೇ ಬರಬೇಕು. ಕೈ ತೊಳಿಯೂ ನಳ ಮಾತ್ರ ಮಾಳಿಗಿ ಟಾಕಿಗಿ ಹಚ್ಚಬ್ಯಾಡ್ರಿ, ಕರೀ ಟಾಕ್ಯಾಗಿನ ನೀರು ಸಂಜಿ 7ಕ್ಕೂ ಕೈ ಸುಡ್ತದ. ಮುಂಜಾನೆ ಎರಡು ಡ್ರಮ್ ತುಂಬಿ ಮೆಟ್ಟಲ ಕೆಳಗ ನೆರಳಿಗಿ ಇಡ್ರಿ.